ರಾಮಾನುಜನ್ ಸತ್ತದ್ದು ಟಿಬಿಯಿಂದಲೇ? ಗಣಿತಜ್ಞನ ಹೊಟ್ಟೆಯೊಳಗಿದ್ದ ಪರೋಪಜೀವಿಯ ಕಥೆ

ಪ್ರತಿ ವರ್ಷ ಡಿಸೆಂಬರ್ 22 ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡಲು ಶುರುವಾಗುತ್ತದೆ. ಶ್ರೀನಿವಾಸ ರಾಮಾನುಜನ್ ಅವರ ಕಪ್ಪು ಬಿಳುಪು ಫೋಟೊ, ಅದರ ಕೆಳಗೆ ಒಂದಷ್ಟು ಸಾಲು. ಬಡ ಬ್ರಾಹ್ಮಣರ ಮನೆಯ ಹುಡುಗ, ಇಂಗ್ಲೆಂಡಿಗೆ ಹೋದ, ಅಲ್ಲಿನ ಚಳಿ ತಡೆಯಲಿಲ್ಲ, ಸಸ್ಯಾಹಾರ ಬಿಡಲಿಲ್ಲ, ಟಿಬಿ ಬಂತು, 32ಕ್ಕೇ ತೀರಿಕೊಂಡ. ಕೆಲವು ಫಾರ್ವರ್ಡ್‌ಗಳಲ್ಲಿ ಸಮುದ್ರ ದಾಟಿದ ಪಾಪವೂ ಸೇರಿರುತ್ತದೆ. ಇನ್ನು ಕೆಲವದರಲ್ಲಿ ಮಾಂಸ ತಿಂದಿದ್ದರೆ ಬದುಕುತ್ತಿದ್ದರು ಎಂಬ ಬುದ್ಧಿಮಾತು. ಕಳಿಸುವವರು ಯಾವ ಕಡೆಯವರೋ ಅದಕ್ಕೆ ತಕ್ಕ ಹಾಗೆ ಸಾವಿನ ಕಾರಣ ಬದಲಾಗುತ್ತದೆ!

ನನಗೆ ಇದು ಬಂದದ್ದು ಕುರುಗೋಡಿನ ಚಿಕ್ಕಮ್ಮನಿಂದ, ನಮ್ಮ ಮನೆಯವರ ಗ್ರೂಪಿನಲ್ಲಿ. ಬೇರೆ ದಿನವಾಗಿದ್ದರೆ ನೋಡಿ ಬಿಟ್ಟುಬಿಡುತ್ತಿದ್ದೆ. ಆದರೆ ಆ ವಾರ ಸಿರುಗುಪ್ಪದ ಸೋದರಮಾವ ಜ್ವರದಲ್ಲಿ ಮಲಗಿದ್ದರು. ಮೂರು ವಾರದಿಂದ ಸಂಜೆಯಾದರೆ ಚಳಿ ಜ್ವರ, ರಾತ್ರಿ ಬೆವರು, ಊಟ ಬೇಡ, ಮೈ ಇಳಿದು ಅಂಗಿ ಜೋಲಾಡುತ್ತಿತ್ತು. ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ನೋಡಿ ಬಲಗಡೆ ಶ್ವಾಸಕೋಶದ ಬುಡದಲ್ಲಿ ಏನೋ ಇದೆ, ಟಿಬಿ ಇರಬಹುದು ಎಂದಿದ್ದರು. ಆದರೆ ಕಫದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಹಾಗಾಗಿ ರಾಮಾನುಜನ್ ಅವರ ಕಾಯಿಲೆಯ ಬಗ್ಗೆ ನಾನು ಆ ರಾತ್ರಿ ಓದಿದ್ದು ಗಣಿತದ ಆಸಕ್ತಿಯಿಂದಲ್ಲ. ಮಾವನ ಜ್ವರ ಮತ್ತು ಅವರ ಜ್ವರ ಒಂದೇ ಥರ ಕಾಣುತ್ತಿತ್ತು.

ಮೊದಲು ಅವರ ಜೀವನವನ್ನೇ ನೋಡೋಣ. ಫಾರ್ವರ್ಡ್‌ನಲ್ಲಿ ಬಿಟ್ಟುಹೋಗುವುದು ಹೊಟ್ಟೆಯ ಕಥೆ, ಆದ್ದರಿಂದ ನಾನು ಆ ದಾರಿಯಲ್ಲೇ ಹೋಗುತ್ತೇನೆ.

ಕುಂಭಕೋಣಂನ ಹುಡುಗ

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿದ್ದ ತಾಯಿಯ ತವರುಮನೆಯಲ್ಲಿ. ಬೆಳೆದದ್ದು ಕುಂಭಕೋಣಂನಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರ್ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದರು. ಎರಡು ವರ್ಷದ ಮಗುವಾಗಿದ್ದಾಗ ಸಿಡುಬು ಬಂದು ಬದುಕಿ ಉಳಿದರು. ಅವರ ನಂತರ ಹುಟ್ಟಿದ ಮಕ್ಕಳು ಹಸುಗೂಸುಗಳಾಗಿಯೇ ತೀರಿಕೊಂಡವು. ಮುಂದೆ ಇಬ್ಬರು ತಮ್ಮಂದಿರು ಉಳಿದರು.

ಆ ಕಾಲದಲ್ಲಿ ಕುಂಭಕೋಣವೂ ನಮ್ಮ ಬಳ್ಳಾರಿಯೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಅಂದರೆ ರಾಮಾನುಜನ್ ಕಟ್ಟಿ ಫೇಲಾದ ಪರೀಕ್ಷೆಗಳನ್ನೇ ನಮ್ಮ ಮುತ್ತಜ್ಜಂದಿರ ಕಾಲದ ಬಳ್ಳಾರಿಯ ಹುಡುಗರೂ ಕಟ್ಟುತ್ತಿದ್ದರು. ಈ ಮಾತು ಕಾಯಿಲೆಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಬೇಕೆನಿಸಿತು.

ಶಾಲೆಯಲ್ಲಿ ಗಣಿತದಲ್ಲಿ ಯಾರೂ ಅವರ ಹತ್ತಿರ ಬರುತ್ತಿರಲಿಲ್ಲ. ಹದಿಹರೆಯದಲ್ಲಿ ಕಾರ್ ಎಂಬಾತ ಬರೆದ, ಸಾವಿರಾರು ಸೂತ್ರಗಳ ಪಟ್ಟಿಯಂತಿದ್ದ ಪುಸ್ತಕ ಕೈಗೆ ಸಿಕ್ಕಿತು. ಅದಾದ ಮೇಲೆ ಬೇರೆ ಯಾವ ವಿಷಯವೂ ತಲೆಗೆ ಹತ್ತಲಿಲ್ಲ. 1904ರಲ್ಲಿ ಕುಂಭಕೋಣಂ ಕಾಲೇಜಿಗೆ ವಿದ್ಯಾರ್ಥಿವೇತನದೊಂದಿಗೆ ಸೇರಿದರು. ಇಂಗ್ಲಿಷ್ ಮತ್ತಿತರ ವಿಷಯಗಳಲ್ಲಿ ಹಿಂದೆಬಿದ್ದು ಅದನ್ನು ಕಳೆದುಕೊಂಡರು. 1905ರಲ್ಲಿ ಮನೆಯಲ್ಲಿ ಹೇಳದೆ ವಿಶಾಖಪಟ್ಟಣಕ್ಕೆ ಹೋಗಿಬಿಟ್ಟರು. ಮರುವರ್ಷ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರು.

ಇಲ್ಲಿಂದ ನಮ್ಮ ಕಥೆ ಶುರು. 1906ರಲ್ಲಿ ಮದ್ರಾಸಿನಲ್ಲಿ ಅವರಿಗೆ ಆಮಶಂಕೆ ಹಿಡಿಯಿತು. ಆಗ ಮದ್ರಾಸಿಗೆ ರೆಡ್ ಹಿಲ್ಸ್ ಕೆರೆಯ ನೀರು ತೆರೆದ ಕಾಲುವೆಯಲ್ಲಿ, ಶೋಧನೆಯಾಗದೆ ಬರುತ್ತಿತ್ತು. ಕಿಲ್‌ಪಾಕ್‌ನಲ್ಲಿ ಮರಳಿನ ಶೋಧಕಗಳು ಬಂದದ್ದು 1914ರಲ್ಲಿ, ರಾಮಾನುಜನ್ ಹಡಗು ಹತ್ತಿದ ವರ್ಷ. ರಕ್ತ, ಲೋಳೆ ಬೀಳುವ ಭೇದಿ ಆ ಊರಿನಲ್ಲಿ ಸುದ್ದಿಯಾಗುವ ವಿಷಯವೇ ಆಗಿರಲಿಲ್ಲ. ಅವರು ಕುಂಭಕೋಣಂಗೆ ಮರಳಿ ಸುಮಾರು ಮೂರು ತಿಂಗಳು ಸುಧಾರಿಸಿಕೊಂಡರು. ಡಿಸೆಂಬರಿನ ಪರೀಕ್ಷೆಯಲ್ಲಿ ಫೇಲಾದರು. ಮುಂದಿನ ವರ್ಷವೂ ಫೇಲಾದರು.

ಭೇದಿ ನಿಂತಿತು. ಎಲ್ಲರೂ ಕಾಯಿಲೆ ಹೋಯಿತು ಎಂದುಕೊಂಡರು. ನಾವೂ ಹಾಗೇ ಅಲ್ಲವೆ, ಎರಡು ದಿನ ಮಜ್ಜಿಗೆ ಅನ್ನ ತಿಂದು ಹೊಟ್ಟೆ ಸರಿಹೋದರೆ ಮರೆತೇಬಿಡುತ್ತೇವೆ.

1909ರಲ್ಲಿ ಹತ್ತು ವರ್ಷದ ಜಾನಕಿಯೊಂದಿಗೆ ಮದುವೆಯಾಯಿತು. ಅದೇ ಹೊತ್ತಿಗೆ ವೃಷಣಚೀಲದಲ್ಲಿ ನೀರು ತುಂಬಿಕೊಂಡು ಶಸ್ತ್ರಚಿಕಿತ್ಸೆ ಬೇಕಾಯಿತು. ಮನೆಯಲ್ಲಿ ಹಣವಿರಲಿಲ್ಲ. 1910ರ ಜನವರಿಯಲ್ಲಿ ವೈದ್ಯರೊಬ್ಬರು ಹಣ ತೆಗೆದುಕೊಳ್ಳದೆ ಮಾಡಿಕೊಟ್ಟರು. ಈ ಚಿಕ್ಕ ಆಪರೇಷನ್ನನ್ನು ನೆನಪಿಟ್ಟುಕೊಳ್ಳಿ. ಎಂಟು ವರ್ಷದ ನಂತರ ಲಂಡನ್ನಿನ ದೊಡ್ಡ ಡಾಕ್ಟರೊಬ್ಬರು ಇದರಿಂದಲೇ ದಾರಿ ತಪ್ಪುತ್ತಾರೆ. ಆಪರೇಷನ್ ಆದ ಮೇಲೆ ರಾಮಾನುಜನ್ ನೋಟುಪುಸ್ತಕಗಳನ್ನು ಬಗಲಲ್ಲಿಟ್ಟುಕೊಂಡು ಕೆಲಸ ಹುಡುಕುತ್ತಾ ತಿರುಗಿದರು. ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಕಟ್ಟಿದ ರಾಮಸ್ವಾಮಿ ಅಯ್ಯರ್, ನೆಲ್ಲೂರಿನ ಕಲೆಕ್ಟರ್ ಆಗಿದ್ದ ರಾಮಚಂದ್ರರಾವ್ ಇವರನ್ನೆಲ್ಲ ಕಂಡದ್ದು ಈ ಅಲೆದಾಟದಲ್ಲೇ. 1912ರ ಮಾರ್ಚಿನಲ್ಲಿ ಮದ್ರಾಸ್ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಗಿರಿ ಸಿಕ್ಕಿತು.

ಉಳಿದದ್ದು ನಿಮಗೆ ಗೊತ್ತಿರುವುದೇ. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಜಿ. ಎಚ್. ಹಾರ್ಡಿಗೆ ಸೂತ್ರಗಳ ಪತ್ರ ಬರೆದರು. 1914ರ ಮಾರ್ಚ್ 17ರಂದು ನೆವಾಸಾ ಎಂಬ ಹಡಗು ಹತ್ತಿ ಏಪ್ರಿಲ್ ಮಧ್ಯದಲ್ಲಿ ಲಂಡನ್ ತಲುಪಿದರು. ವಿಶ್ವವಿದ್ಯಾಲಯದ ಡಿಗ್ರಿ ಇಲ್ಲದ ಮನುಷ್ಯ ಟ್ರಿನಿಟಿ ಕಾಲೇಜಿಗೆ ಬಂದಿದ್ದರು.

ಹಡಗಿನಲ್ಲಿ ಅವರ ಜೊತೆ ಇನ್ನೂ ಒಂದು ಜೀವಿ ಪ್ರಯಾಣ ಮಾಡಿತ್ತು ಎಂಬುದು ಇಂದಿನ ಊಹೆ.

ಇಂಗ್ಲೆಂಡಿನ ಆಸ್ಪತ್ರೆಗಳು

ಕೇಂಬ್ರಿಜ್ ತಲುಪಿ ಕೆಲವೇ ತಿಂಗಳಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ತರಕಾರಿ, ಹಾಲು ಸಿಗುವುದು ಕಷ್ಟವಾಯಿತು. ಕಾಲೇಜಿನ ಅಡುಗೆಮನೆಯ ಪಾತ್ರೆಗಳನ್ನು ನಂಬದ ರಾಮಾನುಜನ್ ತಮ್ಮ ಕೋಣೆಯಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಗಣಿತ ಹಿಡಿದರೆ ಊಟದ ಹೊತ್ತು ತಪ್ಪುತ್ತಿತ್ತು. ದಿನಕ್ಕೆ ಒಂದೇ ಊಟ, ಅದೂ ಅಪರಾತ್ರಿಯಲ್ಲಿ, ಎಂಬಂತಹ ದಿನಗಳಿದ್ದವು. 1916ರಲ್ಲಿ ಸಂಶೋಧನೆಗಾಗಿ ಡಿಗ್ರಿ ಸಿಕ್ಕಿತು.

1917ರ ವಸಂತದಲ್ಲಿ ಮಲಗಿದರು. ಮುಂದಿನ ಎರಡು ವರ್ಷ ಆಸ್ಪತ್ರೆ, ನರ್ಸಿಂಗ್ ಹೋಮ್, ಸ್ಯಾನಟೋರಿಯಂ ಎಂದು ಓಡಾಟ. ಕೇಂಬ್ರಿಜ್‌ನ ನರ್ಸಿಂಗ್ ಹಾಸ್ಟೆಲ್, ಮೆಂಡಿಪ್ ಬೆಟ್ಟದ ಟಿಬಿ ಸ್ಯಾನಟೋರಿಯಂ, ಡರ್ಬಿಶೈರ್‌ನ ಮ್ಯಾಟ್‌ಲಾಕ್, ಲಂಡನ್‌ನ ಫಿಟ್ಜ್‌ರಾಯ್ ಹೌಸ್, ಕೊನೆಗೆ ಪಟ್ನಿಯ ನರ್ಸಿಂಗ್ ಹೋಮ್.

ವೈದ್ಯರು ಏನೇನು ಹೇಳಿದರು ಎಂಬುದನ್ನು ಸಾಲಾಗಿ ನೋಡಿದರೆ ಅವರಿಗೂ ತಿಳಿದಿರಲಿಲ್ಲ ಎಂಬುದು ಗೊತ್ತಾಗುತ್ತದೆ. ಮೊದಲು ಹೊಟ್ಟೆಯ ಹುಣ್ಣು ಎಂದರು. ಆಮೇಲೆ ಟಿಬಿ. ನಂತರ ಲಂಡನ್ನಿನ ತಜ್ಞ ಬ್ಯಾಟಿ ಶಾ ಅವರಿಗೆ ಆ ಹಳೆಯ ವೃಷಣದ ಆಪರೇಷನ್ ಗಮನಕ್ಕೆ ಬಂತು. ಅಂದು ತೆಗೆದದ್ದು ಕ್ಯಾನ್ಸರ್ ಗಡ್ಡೆ ಇರಬೇಕು, ಅದೀಗ ಲಿವರ್‌ಗೆ ಹರಡಿದೆ ಎಂದು ಅವರು ತೀರ್ಮಾನಿಸಿದರು. ಕ್ಯಾನ್ಸರ್ ಆಗಿದ್ದರೆ ರೋಗಿ ಬೇಗ ಕೆಡಬೇಕಿತ್ತು, ಕೆಡಲಿಲ್ಲ, ಹಾಗಾಗಿ ಆ ಮಾತು ಬಿದ್ದುಹೋಯಿತು. ಮತ್ತೆ ಟಿಬಿಗೇ ಬಂದರು. 1918ರ ಕೊನೆಗೆ ದೇಹದಲ್ಲಿ ಎಲ್ಲಿಂದಲೋ ರಕ್ತ ನಂಜಾಗಿತ್ತು, ಈಗ ಅದು ಬತ್ತಿದೆ ಎಂಬ ಅಭಿಪ್ರಾಯವೂ ಬಂತು. ಇದರಲ್ಲಿ ಬ್ಯಾಟಿ ಶಾ ಅವರ ಊಹೆ ತಪ್ಪಾಗಿದ್ದರೂ ನನಗೆ ಕುತೂಹಲದ್ದು, ಯಾಕೆಂದರೆ ಅವರ ಬೆರಳು ಲಿವರ್ ಕಡೆಗೆ ಹೋಗಿತ್ತು.

ಟಿಬಿ ಎಂದ ಮೇಲೆ ಆಗಿನ ಚಿಕಿತ್ಸೆ ಒಂದೇ. ತೆರೆದ ಗಾಳಿ, ವಿಶ್ರಾಂತಿ, ಗಟ್ಟಿ ಊಟ. ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ 25 ವರ್ಷಕ್ಕೂ ಹೆಚ್ಚು ಸಮಯವಿತ್ತು. ಬಳ್ಳಾರಿಯ ಹಳೆಯ ಟಿಬಿ ಸ್ಯಾನಟೋರಿಯಂ ಕಟ್ಟಡ ನೋಡಿದವರಿಗೆ ಆ ದೊಡ್ಡ ಕಿಟಕಿ, ವರಾಂಡಗಳ ಲೆಕ್ಕಾಚಾರ ಅರ್ಥವಾಗುತ್ತದೆ. ನಮ್ಮ ಬಿಸಿಲಿನಲ್ಲಿ ಅದು ಹಿತ. ಇಂಗ್ಲೆಂಡಿನ ಚಳಿಗಾಲದಲ್ಲಿ, ಮೈಯಲ್ಲಿ ಮಾಂಸವಿಲ್ಲದ ದಕ್ಷಿಣದ ಮನುಷ್ಯನನ್ನು ತೆರೆದ ಗಾಳಿಯಲ್ಲಿ ಮಲಗಿಸಿದರೆ ಹೇಗಿರಬೇಡ? ಚಳಿ ಮತ್ತು ಊಟ ಇವೆರಡರ ಬಗ್ಗೆ ರಾಮಾನುಜನ್ ಮ್ಯಾಟ್‌ಲಾಕ್‌ನಿಂದ ದೂರುತ್ತಲೇ ಇದ್ದರು.

1918ರ ಆರಂಭದಲ್ಲಿ ಅವರು ಲಂಡನ್ನಿನ ಸುರಂಗ ರೈಲಿನ ಹಳಿಯ ಮೇಲೆ ಬಿದ್ದರು. ರೈಲು ಹತ್ತಿರದಲ್ಲೇ ನಿಂತು ಜೀವ ಉಳಿಯಿತು. ಆತ್ಮಹತ್ಯೆಯ ಈ ಪ್ರಯತ್ನವನ್ನು ನಮ್ಮ ಫಾರ್ವರ್ಡ್‌ಗಳು ಬಿಟ್ಟುಬಿಡುತ್ತವೆ. ವರ್ಷಗಟ್ಟಲೆ ಹೆಸರಿಲ್ಲದ ಜ್ವರ, ಮನೆಯಿಂದ ಪತ್ರಗಳು ಸರಿಯಾಗಿ ಬಾರದ ಯುದ್ಧಕಾಲ, ಒಂಟಿತನ. ಅದೇ ವರ್ಷದ ಮೇ ತಿಂಗಳಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಅಕ್ಟೋಬರಿನಲ್ಲಿ ಟ್ರಿನಿಟಿಯ ಫೆಲೋ ಆದರು. 1729ರ ಟ್ಯಾಕ್ಸಿ ಕಥೆ ನೀವು ಹತ್ತು ಸಲ ಓದಿರುತ್ತೀರಿ. ಹಾರ್ಡಿ ತಾವು ಬಂದ ಟ್ಯಾಕ್ಸಿಯ ನಂಬರ್ ಸಪ್ಪೆಯಾಗಿದೆ ಎಂದಾಗ, ಅದು ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಎಂದು ರಾಮಾನುಜನ್ ತಟ್ಟನೆ ತಿಳಿಸಿದರು. 1 ಮತ್ತು 12ರ ಘನಗಳು, 9 ಮತ್ತು 10ರ ಘನಗಳು. ಅವರು ಅದನ್ನು ಹೇಳಿದ್ದು ಪಟ್ನಿಯ ನರ್ಸಿಂಗ್ ಹೋಮಿನ ಹಾಸಿಗೆಯಿಂದ ಎಂಬುದು ಮಾತ್ರ ನಮಗೆ ನೆನಪಿರುವುದಿಲ್ಲ.

ಹಾಗಾದರೆ ಏನಾಗಿತ್ತು?

1994ರಲ್ಲಿ ಡಿ. ಎ. ಬಿ. ಯಂಗ್ ಎಂಬ ವೈದ್ಯರು ರಾಮಾನುಜನ್ ಅವರ ಕಾಯಿಲೆಯ ಬಗ್ಗೆ ಉಳಿದಿದ್ದ ಪತ್ರ, ದಾಖಲೆಗಳನ್ನೆಲ್ಲ ಜೋಡಿಸಿ ರಾಯಲ್ ಸೊಸೈಟಿಯ ಇತಿಹಾಸ ಪತ್ರಿಕೆಯಲ್ಲಿ ಲೇಖನ ಬರೆದರು. ಬಿಟ್ಟು ಬಿಟ್ಟು ಬರುವ ಜ್ವರ, ನಡುವೆ ಚೆನ್ನಾಗಿರುವ ದಿನಗಳು, ಹೊಟ್ಟೆನೋವು, ತೂಕ ಇಳಿಯುವುದು, ಲಿವರ್‌ನ ತೊಂದರೆ, ಎಲ್ಲಕ್ಕಿಂತ ಮುಖ್ಯವಾಗಿ ಇಂಗ್ಲೆಂಡಿಗೆ ಹೋಗುವ ಮೊದಲೇ ಬಂದಿದ್ದ ಆಮಶಂಕೆ. ಇವೆಲ್ಲ ಟಿಬಿಗಿಂತ ಲಿವರ್‌ನ ಅಮೀಬಿಯಾಸಿಸ್‌ಗೆ ಹೆಚ್ಚು ಹೊಂದುತ್ತವೆ ಎಂಬುದು ಅವರ ತೀರ್ಮಾನ. ಶವಪರೀಕ್ಷೆ ಆಗಿಲ್ಲ, ಸ್ಕ್ಯಾನ್ ಇರಲಿಲ್ಲ. ಹಾಗಾಗಿ ಇದು ಬಲವಾದ ಊಹೆಯೇ ಹೊರತು ಸಾಬೀತಾದ ಸತ್ಯವಲ್ಲ. ರಾಮಾನುಜನ್‌ಗೆ ಟಿಬಿ ಇರಲೇ ಇಲ್ಲ, ವಿಜ್ಞಾನಿಗಳಿಂದ ದೃಢ ಎಂಬ ಹೊಸ ಫಾರ್ವರ್ಡ್ ದಯವಿಟ್ಟು ಹುಟ್ಟುಹಾಕಬೇಡಿ.

ಈ ಅಮೀಬಾದ ಹೆಸರು ಎಂಟಮೀಬಾ ಹಿಸ್ಟೊಲಿಟಿಕಾ. ಜನರು ಹೊಟ್ಟೆ ಹುಳ ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುತ್ತಾರೆ, ಆದರೆ ಇದು ಹುಳವಲ್ಲ, ಒಂದೇ ಜೀವಕೋಶದ ಪ್ರಾಣಿ. ಸೋಂಕಿದವರ ಮಲದಲ್ಲಿ ಗಟ್ಟಿ ಕವಚದ ಕೋಶವಾಗಿ ಹೊರಬೀಳುತ್ತದೆ. ನೀರು, ತೊಳೆಯದ ಸೊಪ್ಪು, ಕೈಗಳ ಮೂಲಕ ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ನಲ್ಲಿ ನೀರಿಗೆ ಹಾಕುವ ಸಾಮಾನ್ಯ ಪ್ರಮಾಣದ ಕ್ಲೋರಿನ್‌ಗೆ ಆ ಕವಚ ಜಗ್ಗುವುದಿಲ್ಲ, ಕುದಿಸಿದರೆ ಸಾಯುತ್ತದೆ. ಸೋಂಕಿದ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಏನೂ ಆಗುವುದಿಲ್ಲ. ಉಳಿದವರಲ್ಲಿ ಅದು ಕರುಳಿನ ಗೋಡೆಯ ಜೀವಕೋಶಗಳನ್ನು ಚೂರು ಚೂರೇ ಕಚ್ಚಿ ತಿಂದು ಹುಣ್ಣು ಮಾಡುತ್ತದೆ. ಅಲ್ಲಿಂದ ರಕ್ತ ಸೇರಿ ಲಿವರ್ ತಲುಪಿದರೆ ಕೀವಿನ ಗಡ್ಡೆ. ಭೇದಿ ನಿಂತು ತಿಂಗಳು, ಕೆಲವೊಮ್ಮೆ ವರ್ಷಗಳ ಮೇಲೆ ಹೀಗಾಗಬಹುದು. ಆ ಹೊತ್ತಿಗೆ ಭೇದಿಯ ನೆನಪೇ ಇರುವುದಿಲ್ಲ, ಮಲ ಪರೀಕ್ಷೆಯಲ್ಲೂ ಸಿಗದೇ ಹೋಗಬಹುದು.

ಲಿವರ್ ಊದಿಕೊಂಡರೆ ಅದರ ಮೇಲಿರುವ ವಪೆ ಮೇಲಕ್ಕೆ ಸರಿಯುತ್ತದೆ, ಬಲ ಶ್ವಾಸಕೋಶದ ಬುಡದಲ್ಲಿ ನೀರು ಸೇರಬಹುದು. ಎಕ್ಸ್‌ರೇ ನೋಡಿದವರಿಗೆ ಕಾಯಿಲೆ ಎದೆಯಲ್ಲಿದೆ ಎನಿಸುತ್ತದೆ. ಮಾವನಿಗೆ ಆದದ್ದೂ ಇದೇ ಇರಬಹುದೇ ಎಂದು ನನಗೆ ಹೊಳೆದದ್ದು ಇಲ್ಲಿ.

ಗಂಡಸರಿಗೇ ಯಾಕೆ ಹೆಚ್ಚು?

ಬಳ್ಳಾರಿ ಕಡೆ ಗಂಡಸಿಗೆ ಲಿವರ್ ಕಾಯಿಲೆ ಎಂದರೆ ಕುಡಿತಕ್ಕೆ ಸಮ. ಮಾವ ಹೆಂಡ ಮುಟ್ಟಿದವರಲ್ಲ. ಆದರೂ ನೋಡಲು ಬಂದವರು ಅತ್ತೆಯನ್ನು ಅಡುಗೆಮನೆಗೆ ಕರೆದು ಗುಟ್ಟಾಗಿ ಕೇಳುತ್ತಿದ್ದರು. ಮದ್ಯ ಈ ಗಡ್ಡೆಯ ಅಪಾಯ ಹೆಚ್ಚಿಸುತ್ತದೆ ಎಂಬುದು ನಿಜ. ಆದರೆ ರಾಮಾನುಜನ್ ಮದ್ಯ ಮುಟ್ಟಿದವರಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಹಾರ್ಮೋನಿನ ವಿಷಯ ಬರುವುದು ಇಲ್ಲಿ. ಕರುಳಿನಲ್ಲಿ ಈ ಅಮೀಬಾ ಹೆಂಗಸರಿಗೂ ಗಂಡಸರಿಗೂ ಹೆಚ್ಚುಕಡಿಮೆ ಸಮನಾಗಿ ಸೋಂಕುತ್ತದೆ. ಆದರೆ ಲಿವರ್‌ನಲ್ಲಿ ಕೀವು ಗಡ್ಡೆ ಆಗುವವರಲ್ಲಿ ವಯಸ್ಕ ಗಂಡಸರು ಎಷ್ಟೋ ಪಟ್ಟು ಹೆಚ್ಚು, ಬೇರೆ ಬೇರೆ ದೇಶಗಳ ಲೆಕ್ಕದಲ್ಲಿ 3ರಿಂದ 10 ಪಟ್ಟು. ಚಿಕ್ಕ ಮಕ್ಕಳಲ್ಲಿ ಮಾತ್ರ ಈ ವ್ಯತ್ಯಾಸ ಕಾಣುವುದಿಲ್ಲ. ಪ್ರಾಯ ಬಂದ ಮೇಲೆ ಏನೋ ಬದಲಾಗುತ್ತದೆ.

ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರು ಇದನ್ನು ಇಲಿಗಳಲ್ಲಿ ನೋಡಿದರು. ಗಂಡಿಲಿಗಳ ಲಿವರ್‌ನಲ್ಲಿ ದೊಡ್ಡ ಗಡ್ಡೆಗಳಾದವು, ಹೆಣ್ಣಿಲಿಗಳು ಬೇಗ ಚೇತರಿಸಿಕೊಂಡವು. ಹೆಣ್ಣಿಲಿಗಳಿಗೆ ಟೆಸ್ಟೊಸ್ಟೆರಾನ್ ಕೊಟ್ಟಾಗ ಅವೂ ಗಂಡಿಲಿಗಳ ಹಾಗೆ ಕಾಯಿಲೆ ಬಿದ್ದವು. ಅಮೀಬಾದ ವಿರುದ್ಧ ಮೊದಲು ಎದ್ದು ನಿಲ್ಲಬೇಕಾದ ರಕ್ಷಣಾ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಎಚ್ಚರಿಕೆಯ ವಸ್ತುವನ್ನು ಬಿಡುಗಡೆ ಮಾಡುವುದನ್ನು ಟೆಸ್ಟೊಸ್ಟೆರಾನ್ ತಗ್ಗಿಸುತ್ತದೆ ಎಂದು 2013ರಲ್ಲಿ ಅವರು ವರದಿ ಮಾಡಿದರು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲೂ ಹಾಗೇ ನಡೆಯುತ್ತದೆ ಎನ್ನಲಾಗದು. ಆದರೆ 20ರಿಂದ 32ರ ನಡುವಿನ ಗಂಡಸು, ಹಳೆಯ ಆಮಶಂಕೆ, ಲಿವರ್‌ನ ತೊಂದರೆ ಎಂಬ ಚಿತ್ರಕ್ಕೆ ಇದು ಸರಿಯಾಗಿ ಕೂಡುತ್ತದೆ.

ಇನ್ನೊಂದು ಹಾರ್ಮೋನು ಲೆಪ್ಟಿನ್, ಕೊಬ್ಬಿನ ಕೋಶಗಳಿಂದ ಬರುವ ಹೊಟ್ಟೆ ತುಂಬಿದ ಸಂದೇಶ. ಇದರ ಜೀನ್ ಪತ್ತೆಯಾದದ್ದೂ 1994ರಲ್ಲೇ. ಮೈಯಲ್ಲಿ ಕೊಬ್ಬು ಕಡಿಮೆಯಾದರೆ ಲೆಪ್ಟಿನ್ ಇಳಿಯುತ್ತದೆ, ಲೆಪ್ಟಿನ್ ಇಳಿದರೆ ಕರುಳಿನ ಗೋಡೆಯ ಕಾವಲು ಸಡಿಲವಾಗುತ್ತದೆ. ಢಾಕಾದ ಕೊಳೆಗೇರಿಯ ಮಕ್ಕಳಲ್ಲಿ ನಡೆದ ಅಧ್ಯಯನದಲ್ಲಿ, ಲೆಪ್ಟಿನ್ ಸಂದೇಶ ಹಿಡಿಯುವ ಗ್ರಾಹಕದಲ್ಲಿ ಒಂದು ಸಣ್ಣ ವ್ಯತ್ಯಾಸವಿದ್ದ ಮಕ್ಕಳಿಗೆ ಈ ಅಮೀಬಾ ಹೆಚ್ಚು ತಗುಲುತ್ತಿತ್ತು. ಅರೆಹೊಟ್ಟೆಯಲ್ಲಿರುವವರಿಗೆ ಆಮಶಂಕೆ ಯಾಕೆ ಮೇಲಿಂದ ಮೇಲೆ ಬರುತ್ತದೆ ಎಂಬುದಕ್ಕೆ ಇದೊಂದು ಸುಳಿವು. ಮದ್ರಾಸಿನಲ್ಲಿ ಸ್ನೇಹಿತರ ಮನೆಯ ಊಟ ನಂಬಿಕೊಂಡಿದ್ದ, ಕೇಂಬ್ರಿಜ್‌ನಲ್ಲಿ ಊಟವನ್ನೇ ಮರೆಯುತ್ತಿದ್ದ ಮನುಷ್ಯನ ಲೆಪ್ಟಿನ್ ಯಾವ ಮಟ್ಟದಲ್ಲಿತ್ತೋ. ಹಾಗೆ ನೋಡಿದರೆ ಫಾರ್ವರ್ಡ್‌ನಲ್ಲಿ ಬರುವ ಸಸ್ಯಾಹಾರದ ಮಾತಿನಲ್ಲಿ ಕಾಳಿನಷ್ಟು ನಿಜವಿದೆ. ತೊಂದರೆ ಇದ್ದದ್ದು ತರಕಾರಿಯಲ್ಲಿ ಅಲ್ಲ, ಊಟ ಕಡಿಮೆಯಾದದ್ದರಲ್ಲಿ.

ಮೂರನೆಯದು ಕಾರ್ಟಿಸಾಲ್, ಒತ್ತಡದ ಹಾರ್ಮೋನು. ಅದರ ಮಾತ್ರೆ ರೂಪವೇ ನಾವು ಸ್ಟೀರಾಯ್ಡ್ ಎನ್ನುವುದು. ಅಮೀಬಾ ಇರುವ ಕರುಳಿಗೆ ಬೇರೇನೋ ಕಾಯಿಲೆ ಎಂದು ತಿಳಿದು ಸ್ಟೀರಾಯ್ಡ್ ಕೊಟ್ಟಾಗ ಕರುಳೇ ತೂತಾಗುವಷ್ಟು ಸೋಂಕು ಉಲ್ಬಣಿಸಿದ ಪ್ರಕರಣಗಳು ವೈದ್ಯಕೀಯ ಪುಸ್ತಕಗಳಲ್ಲಿ ದಾಖಲಾಗಿವೆ. ಜ್ವರಕ್ಕೆ, ಮೈಕೈ ನೋವಿಗೆ ಯಾರೋ ಹೇಳಿದರೆಂದು ಗೊತ್ತಿಲ್ಲದ ಇಂಜೆಕ್ಷನ್ ಹಾಕಿಸಿಕೊಳ್ಳುವ ನಮ್ಮ ಹಳ್ಳಿಗಳ ಅಭ್ಯಾಸ ನೆನೆದರೆ ಇದು ಭಯ ಹುಟ್ಟಿಸುವ ವಿಷಯ.

ಹಾರ್ಮೋನುಗಳ ಮೇಲೆ ಪರೋಪಜೀವಿಗಳ ಪರಿಣಾಮ ಎದುರು ದಿಕ್ಕಿನಲ್ಲೂ ನಡೆಯುತ್ತದೆ. ಚಾಟಿಹುಳದ ಭಾರೀ ಸೋಂಕಿನಿಂದ ಭೇದಿ ಹಿಡಿದ ಜಮೈಕಾದ ಮಕ್ಕಳಲ್ಲಿ, ಬೆಳವಣಿಗೆಯ ಹಾರ್ಮೋನಿನ ಕೆಲಸ ನಡೆಸಿಕೊಡುವ ಐಜಿಎಫ್-1 ಎಂಬ ವಸ್ತು ರಕ್ತದಲ್ಲಿ ಕಡಿಮೆಯಿತ್ತು. ಚಿಕಿತ್ಸೆ ಕೊಟ್ಟ ಮೇಲೆ ಆ ಮಕ್ಕಳು ಬೆಳೆಯತೊಡಗಿದರು.

ಆದರೆ ಇದನ್ನೇ ಎಳೆದು ಥೈರಾಯ್ಡ್, ಪಿಸಿಒಡಿ, ಕೂದಲು ಉದುರುವಿಕೆ ಎಲ್ಲವೂ ಹೊಟ್ಟೆ ಹುಳದಿಂದ, ಹುಣ್ಣಿಮೆಯ ದಿನ ಹುಳಗಳು ಎದ್ದು ಕುಣಿಯುತ್ತವೆ, ಆಗ ಈ ಪುಡಿ ಕುಡಿಯಿರಿ ಎಂದು ಮಾರುವ ರೀಲ್ಸ್‌ಗಳಿಗೆ ಯಾವ ಆಧಾರವೂ ಇಲ್ಲ.

ಬೆಂಕಿ ಹಚ್ಚಿದ್ದು ಯಾರು

ಆಕ್ಸಿಡೇಟಿವ್ ಸ್ಟ್ರೆಸ್ ಎಂಬ ಮಾತನ್ನು ನೀವು ಹಣ್ಣಿನ ರಸದ ಜಾಹೀರಾತಿನಲ್ಲಿ ಕೇಳಿರುತ್ತೀರಿ. ನಮ್ಮ ರಕ್ಷಣಾ ಕೋಶಗಳು ಶತ್ರುವನ್ನು ಕೊಲ್ಲಲು ಆಮ್ಲಜನಕದ ಉಗ್ರ ರೂಪಗಳನ್ನು, ಹೈಡ್ರೋಜನ್ ಪೆರಾಕ್ಸೈಡ್‌ನಂಥವುಗಳನ್ನು, ಎರಚುತ್ತವೆ. ಅದು ಹತೋಟಿ ಮೀರಿದರೆ ನಮ್ಮ ಅಂಗಾಂಶವೇ ಸುಡುತ್ತದೆ.

ಈ ಅಮೀಬಾ ಆಮ್ಲಜನಕ ಕಡಿಮೆ ಇರುವ ಕರುಳಿನಲ್ಲಿ ಬದುಕುವ ಪ್ರಾಣಿ. ಉಳಿದ ಜೀವಿಗಳಂತೆ ಕ್ಯಾಟಲೇಸ್, ಗ್ಲುಟಾಥಯೋನ್ ಎಂಬ ರಕ್ಷಣೆ ಅದಕ್ಕಿಲ್ಲ. ನೋಡಿದರೆ ಆಮ್ಲಜನಕದ ಈ ದಾಳಿಗೆ ಸತ್ತೇಹೋಗಬೇಕು. ಆದರೆ ಅದರ ಮೈಮೇಲೆ ಪೆರಾಕ್ಸಿರೆಡಾಕ್ಸಿನ್ ಎಂಬ ಪ್ರೋಟೀನಿದೆ, ಅದು ಪೆರಾಕ್ಸೈಡನ್ನು ನೀರು ಮಾಡಿಬಿಡುತ್ತದೆ. ಲಿವರ್‌ಗೆ ಓಡಿ ಬಂದ ಬಿಳಿ ರಕ್ತಕಣಗಳು ಅಮೀಬಾವನ್ನು ಮುಟ್ಟಿ ತಾವೇ ಸಾಯುತ್ತವೆ. ಅವುಗಳ ಹೊಟ್ಟೆಯಲ್ಲಿದ್ದ ಉಗ್ರ ವಸ್ತುಗಳು ಸುತ್ತ ಚೆಲ್ಲಿ ಲಿವರ್ ಕರಗುತ್ತದೆ. ಅಂದರೆ ಲಿವರ್‌ಗೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ನಮ್ಮದೇ ಸೈನ್ಯದ್ದು.

ಅಮೀಬಾದ ಇದೇ ದೌರ್ಬಲ್ಯ ಹಿಡಿದು ಕೊಲ್ಲುವ ಮಾತ್ರೆ ಮೆಟ್ರೋನಿಡಜೋಲ್. ಅದು ಆಮ್ಲಜನಕ ಕಡಿಮೆ ಇರುವ ಜೀವಿಯ ಒಳಗೆ ಹೋದಾಗ ಮಾತ್ರ ಉಗ್ರ ರೂಪ ತಾಳಿ ಒಳಗಿನಿಂದಲೇ ಕೆಡಿಸುತ್ತದೆ. ಅಮೀಬಾಕ್ಕೆ ಇದನ್ನು ಬಳಸಲು ಶುರುವಾದದ್ದು 1960ರ ದಶಕದಲ್ಲಿ.

ಅದಕ್ಕೂ ಮೊದಲು ಔಷಧವೇ ಇರಲಿಲ್ಲ ಎಂದುಕೊಳ್ಳಬೇಡಿ. 1912ರಲ್ಲೇ ಕಲ್ಕತ್ತಾದ ವೈದ್ಯ ಲಿಯೊನಾರ್ಡ್ ರೋಜರ್ಸ್ ಎಮೆಟಿನ್ ಇಂಜೆಕ್ಷನ್ ಬಳಸಿ ಅಮೀಬಾದ ಆಮಶಂಕೆ ಗುಣಪಡಿಸಿದ್ದರು. ಎಮೆಟಿನ್ ಹೃದಯಕ್ಕೆ ಒಳ್ಳೆಯದಲ್ಲ, ಆದರೆ ಕೆಲಸ ಮಾಡುತ್ತಿತ್ತು. ಯುದ್ಧಭೂಮಿಯಲ್ಲಿ ಈ ಕಾಯಿಲೆ ಹಿಡಿದ ಬ್ರಿಟಿಷ್ ಸೈನಿಕರು, ರಾಮಾನುಜನ್ ಇಂಗ್ಲೆಂಡ್ ಬಿಡುವ ಹೊತ್ತಿನಲ್ಲಿ ಚಿಕಿತ್ಸೆಯಿಂದ ಗುಣವಾಗುತ್ತಿದ್ದರು. ಯುದ್ಧದ ಆರಂಭದಲ್ಲಿ ಟ್ರಿನಿಟಿ ಕಾಲೇಜಿನ ಅಂಗಳದಲ್ಲೇ ಗಾಯಾಳು ಸೈನಿಕರ ಆಸ್ಪತ್ರೆ ನಡೆದಿತ್ತು! ಉಷ್ಣವಲಯದ ಕಾಯಿಲೆ ಬಲ್ಲ ವೈದ್ಯರು ಆ ದೇಶದಲ್ಲಿದ್ದರು. ಭಾರತದಿಂದ ಬಂದ ರೋಗಿ, ಹಿಂದೆ ಆಮಶಂಕೆ ಆಗಿತ್ತೇ ಎಂಬ ಪ್ರಶ್ನೆಯನ್ನು ಅವರಲ್ಲೊಬ್ಬರು ಹಿಡಿದು ಮುಂದೆ ಹೋಗಿದ್ದರೆ ಏನಾಗುತ್ತಿತ್ತೋ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಹೊಟ್ಟೆ ಉರಿಯುವ ಭಾಗ ಇದೇ.

ಸಿರುಗುಪ್ಪದಿಂದ ಬಳ್ಳಾರಿಗೆ

ಮಾವನ ವಿಷಯ ಮುಗಿಸಿಬಿಡುತ್ತೇನೆ. ಮರುದಿನ ಅವರನ್ನು ಬಳ್ಳಾರಿಗೆ ಕರೆತಂದು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದೆವು. ಲಿವರ್‌ನ ಬಲಭಾಗದಲ್ಲಿ ಗಡ್ಡೆಯಿತ್ತು. ರಕ್ತ ಪರೀಕ್ಷೆಯೂ ಅಮೀಬಾದ ಕಡೆಗೇ ತೋರಿಸಿತು. ಸೂಜಿಯಿಂದ ತೆಗೆದ ದ್ರವ ಚಾಕೊಲೇಟ್ ಬಣ್ಣದ್ದಾಗಿತ್ತು. ಮೆಟ್ರೋನಿಡಜೋಲ್ ಶುರುವಾದ ನಾಲ್ಕನೇ ದಿನ ಜ್ವರ ಬಿಟ್ಟಿತು. ಮನೆಗೆ ಕಳಿಸುವಾಗ ಡಾಕ್ಟರು ಇನ್ನೊಂದು ಮಾತ್ರೆ ಬರೆದು, ಇದನ್ನು ತಪ್ಪಿಸಬೇಡಿ ಎಂದು ಎರಡು ಸಲ ಹೇಳಿದರು. ಅದು ಕರುಳಿನಲ್ಲಿ ಉಳಿದ ಕವಚದ ಕೋಶಗಳನ್ನು ತೆಗೆಯುವ ಔಷಧ. ಲಿವರ್ ಗುಣವಾದರೂ ಕರುಳಿನಲ್ಲಿ ಬೀಜ ಉಳಿದರೆ ಕಾಯಿಲೆ ಮರಳಬಹುದು. 1906ರ ಮದ್ರಾಸಿನಲ್ಲಿ ಬೀಜ ಉಳಿದದ್ದು ಹೀಗೇ ಇರಬೇಕು.

ಗ್ರೂಪಿನಲ್ಲಿ ಎರಡು ಪ್ರಶ್ನೆ ಬಂದವು, ಇಲ್ಲೂ ಉತ್ತರಿಸುತ್ತೇನೆ. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ ಜಂತುಹುಳದ ಮಾತ್ರೆ ಸಾಕಲ್ಲವೇ ಎಂದು ಚಿಕ್ಕಮ್ಮ ಕೇಳಿದರು. ಆ ಅಲ್ಬೆಂಡಜೋಲ್ ಮಾತ್ರೆ ಜಂತುಹುಳ, ಕೊಕ್ಕೆಹುಳಗಳಿಗೆ. ಮಕ್ಕಳಿಗೆ ತಪ್ಪದೆ ಕೊಡಿಸಿ. ಆದರೆ ಈ ಅಮೀಬಾಕ್ಕೆ ಅದರಿಂದ ಏನೂ ಆಗುವುದಿಲ್ಲ. ಗದ್ದೆ ಕೆಲಸದಲ್ಲಿ ಕಾಲುವೆ ನೀರು ಕುಡಿಯುವವರು ಏನು ಮಾಡಬೇಕು ಎಂದು ಮಾವನ ಮಗ ಕೇಳಿದ. ಮನೆಯಿಂದ ಕುದಿಸಿ ಆರಿಸಿದ ನೀರು ಒಯ್ಯುವುದು, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದು. ಕೊಂಡೊಯ್ಯುವ ಕ್ಯಾನಿನ ಭಾರ ನನಗೂ ಗೊತ್ತು.

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಟಿಬಿ ಮಾತ್ರೆ ನಿಲ್ಲಿಸಬಾರದು. ನಮ್ಮ ಊರುಗಳಲ್ಲಿ ಎರಡು ವಾರ ದಾಟಿದ ಸಂಜೆ ಜ್ವರ, ಕೆಮ್ಮು, ತೂಕ ಇಳಿಕೆ ಇದ್ದರೆ ಟಿಬಿ ಪರೀಕ್ಷೆ ಮಾಡಿಸಲೇಬೇಕು, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಜ್ವರದ ಜೊತೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವಿದ್ದರೆ, ಹಿಂದೆ ಯಾವಾಗಲಾದರೂ ರಕ್ತಭೇದಿ ಆಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕೇಳದಿದ್ದರೂ ಹೇಳಿ.

ರಾಮಾನುಜನ್ 1919ರ ಫೆಬ್ರವರಿ ಕೊನೆಯಲ್ಲಿ ಇಂಗ್ಲೆಂಡ್ ಬಿಟ್ಟು ಮಾರ್ಚ್ 27ರಂದು ಮುಂಬಯಿಯಲ್ಲಿ ಇಳಿದರು. ಮದ್ರಾಸ್, ಕಾವೇರಿ ದಂಡೆಯ ಕೊಡುಮುಡಿ, ಕುಂಭಕೋಣಂ, ಮತ್ತೆ ಮದ್ರಾಸ್. ಇಲ್ಲೂ ಟಿಬಿ ತಜ್ಞರೇ ನೋಡಿದರು. ಮಲಗಿದಲ್ಲೇ ಹಲಗೆಯ ಮೇಲೆ ಲೆಕ್ಕ ಮಾಡುತ್ತಿದ್ದರು. 1920ರ ಜನವರಿಯಲ್ಲಿ ಹಾರ್ಡಿಗೆ ಬರೆದ ಕೊನೆಯ ಪತ್ರದಲ್ಲಿ ಮಾಕ್ ಥೀಟಾ ಎಂಬ ಹೊಸ ಫಲನಗಳ ವಿಷಯ ತಿಳಿಸಿದರು. ಆ ವರ್ಷದ ಹಾಳೆಗಳು ಕೇಂಬ್ರಿಜ್‌ನ ಗ್ರಂಥಾಲಯದಲ್ಲಿ ಸಿಕ್ಕಿದ್ದು 1976ರಲ್ಲಿ. ಏಪ್ರಿಲ್ 26ರಂದು ಮದ್ರಾಸಿನ ಚೆಟ್‌ಪೆಟ್‌ನಲ್ಲಿ ತೀರಿಕೊಂಡರು.

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಶಾಖ ಕೊಡುತ್ತಾ ಆ ಒಂದು ವರ್ಷ ಪಕ್ಕದಲ್ಲಿದ್ದವರು ಜಾನಕಿ. ಆಗ ಅವರಿಗೆ 21. ಆಮೇಲೆ ಹೊಲಿಗೆ ಕಲಿತು, ತಿರುವಲ್ಲಿಕ್ಕೇಣಿಯಲ್ಲಿ ಹೊಲಿಗೆಯಿಂದಲೇ ಜೀವನ ಮಾಡಿ, ಒಬ್ಬ ಹುಡುಗನನ್ನು ಮಗನಂತೆ ಸಾಕಿದರು. ಅವರು ತೀರಿಕೊಂಡದ್ದು 1994ರ ಏಪ್ರಿಲ್‌ನಲ್ಲಿ, ಗಂಡನ ಕಾಯಿಲೆ ಟಿಬಿ ಆಗಿರಲಿಕ್ಕಿಲ್ಲ ಎಂಬ ಲೇಖನ ಲಂಡನ್ನಿನಲ್ಲಿ ಅಚ್ಚಾದ ಅದೇ ವರ್ಷ.